ಯುದ್ಧ ಗೆದ್ದ ಸಿಪಾಯಿಗೆ ಸಂಬಳ ಸಿಕ್ಕಿತೇ?

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಸೈನಿಕರಿಗೆ ಸಂಬಳ ಸರಿಯಾಗಿ ಸಿಕ್ಕಿತೇ?

ಉತ್ತರ: ಬಹುಪಾಲು ಜನರಿಗೆ ಸಿಗಲಿಲ್ಲ. ಸಾಮಾನ್ಯ ಸಿಪಾಯಿಗೆ ಗೊತ್ತುಮಾಡಿದ್ದು ತಿಂಗಳಿಗೆ 6 ಡಾಲರ್ ಚಿಲ್ಲರೆ. ತೆರಿಗೆ ಹಾಕುವ ಅಧಿಕಾರವೇ ಇಲ್ಲದ ಕಾಂಗ್ರೆಸ್ಸಿನ (ಅಂದಿನ ರಾಷ್ಟ್ರೀಯ ಶಾಸನಸಭೆಯ) ಬೊಕ್ಕಸ ಬರಿದಾಗಿತ್ತು. 1783ರ ಜೂನ್‌ನಲ್ಲಿ ಬಾಕಿ ಕೇಳಿ ಸೈನಿಕರು ಫಿಲಡೆಲ್ಫಿಯಾದ ಸಭಾಭವನವನ್ನು ಸುತ್ತುವರಿದಾಗ ಕಾಂಗ್ರೆಸ್ಸೇ ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಯಿತು! ಕೊನೆಗೆ ಸೈನಿಕರ ಕೈಗೆ ಬಂದದ್ದು ಮುಖ್ಯ ವೇತನಾಧಿಕಾರಿ ಜಾನ್ ಪಿಯರ್ಸ್ ಹೆಸರಿನ ಸಾಲಪತ್ರ. ಕಾಸಿಲ್ಲದವರು ಅದನ್ನು ಮುಖಬೆಲೆಯ ಅಲ್ಪ ಭಾಗಕ್ಕೆ ವರ್ತಕರಿಗೆ ಮಾರಿಕೊಂಡರು. 1790ರಲ್ಲಿ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್‌ರ ಸಾಲ ತೀರಿಸುವ ಯೋಜನೆಯಿಂದ ಆ ಪತ್ರಗಳಿಗೆ ಬೆಲೆ ಬಂದಾಗ ಲಾಭವೆಲ್ಲ ಕೊಂಡವರಿಗೇ ಹೋಯಿತು. ಮೂಲ ಸೈನಿಕರಿಗೂ ಪಾಲು ಕೊಡಿ ಎಂದ ಕಾಂಗ್ರೆಸ್ ಸದಸ್ಯ ಮ್ಯಾಡಿಸನ್‌ರ ಸಲಹೆ ಬಿದ್ದುಹೋದದ್ದು, ನನ್ನ ಪ್ರಕಾರ, ದೊಡ್ಡ ಅನ್ಯಾಯ. ಬಡ ಮಾಜಿ ಸಿಪಾಯಿಗೆ ತಿಂಗಳಿಗೆ 8 ಡಾಲರ್ ಪಿಂಚಣಿಯ ಕಾನೂನು ಬಂದದ್ದು 1818ರಲ್ಲಿ.