ಗಣಕಯಂತ್ರವೂ ಐದು ವೋಲ್ಟೂ

ಬಹುಕಾಲ ಮೂಲೆಯಲ್ಲಿದ್ದ ಯಂತ್ರವೊಂದು ದೊರೆತೊಡನೆ ಅದನ್ನು ವಿದ್ಯುತ್ತಿಗೆ ಜೋಡಿಸಿ ನೋಡುವ ಕುತೂಹಲ ಯಾರಿಗಾದರೂ ಸಹಜವೇ. ಆದರೆ ೧೯೮೨ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಕೊಮೊಡೋರ್ ೬೪’ ಎಂಬ ಗಣಕಯಂತ್ರದ ವಿಷಯದಲ್ಲಿ ಈ ಆತುರ ಸಲ್ಲದು. ಸುಸ್ಥಿತಿಯಲ್ಲಿರುವ ಯಂತ್ರವನ್ನೂ ಅದರ ಹಳೆಯ ವಿದ್ಯುತ್ ಪೆಟ್ಟಿಗೆಯೇ ಹಾಳುಗೆಡಹಬಹುದು. ಇದು ಹೇಗೆಂಬುದನ್ನು ವಿಚಾರಿಸೋಣ.

ಗೋಡೆಯ ಸಂಪರ್ಕದಿಂದ ಬರುವ ಪರ್ಯಾಯ ಪ್ರವಾಹದ ವೋಲ್ಟೇಜನ್ನು ಪೆಟ್ಟಿಗೆಯೊಳಗಿನ ಪರಿವರ್ತಕವು ಇಳಿಸುತ್ತದೆ. ಅದರಲ್ಲೊಂದು ಭಾಗ ೯ ವೋಲ್ಟಿನ ಪರ್ಯಾಯ ಪ್ರವಾಹವಾಗಿಯೇ ಯಂತ್ರವನ್ನು ಸೇರುತ್ತದೆ. ಇನ್ನೊಂದು ಭಾಗವನ್ನು ಡಯೋಡುಗಳು ಏಕಮುಖವಾಗಿಸುತ್ತವೆ. ಧಾರಕವು ಅದರ ಏರಿಳಿತವನ್ನು ತಗ್ಗಿಸುತ್ತದೆ. ಕೊನೆಗೆ ನಿಯಂತ್ರಕವು ಅದನ್ನು ೫ ವೋಲ್ಟಿನಲ್ಲಿ ನಿಲ್ಲಿಸುತ್ತದೆ.

ಹೆಚ್ಚುವರಿ ವೋಲ್ಟೇಜು ಏನಾಯಿತು? ಅದು ನಿಯಂತ್ರಕದಲ್ಲಿಯೇ ಉಷ್ಣವಾಗಿ ಮಾರ್ಪಡುತ್ತದೆ. ನಿಯಂತ್ರಕಕ್ಕೆ ಬರುವುದು ೯ ವೋಲ್ಟು, ಹರಿಯುವ ಪ್ರವಾಹ ೧.೫ ಆಂಪಿಯರು ಎಂದಿಟ್ಟುಕೊಂಡರೆ, ಹುಟ್ಟುವ ಉಷ್ಣ (೯ − ೫) × ೧.೫, ಅಂದರೆ ೬ ವ್ಯಾಟು. ಹಲವು ಪೆಟ್ಟಿಗೆಗಳೊಳಗೆ ಎಪಾಕ್ಸಿ ಎಂಬ ರಾಳವನ್ನು ಸುರಿದು ಗಟ್ಟಿಮಾಡಿರುವುದರಿಂದ ಈ ಉಷ್ಣ ಸುಲಭವಾಗಿ ಹೊರಹೋಗದು. ವರ್ಷಗಳ ತಾಪದಿಂದ ನಿಯಂತ್ರಕವು ತನ್ನ ಹಿಡಿತವನ್ನು ಕಳೆದುಕೊಂಡರೆ, ೫ ವೋಲ್ಟನ್ನು ಮೀರಿದ ವಿದ್ಯುತ್ತು ಯಂತ್ರದೊಳಕ್ಕೆ ನುಗ್ಗುತ್ತದೆ. ಇಂಥ ಮಂಡಲಗಳಿಗೆ ವಾಡಿಕೆಯಾಗಿ ಹಿತವಾದದ್ದು ೪.೭೫ರಿಂದ ೫.೨೫ ವೋಲ್ಟು ಮಾತ್ರ. ಮೇರೆ ಮೀರಿದಾಗ ಸ್ಮರಣೆಯ ಚಿಪ್‌ಗಳು ಹಲವು ವೇಳೆ ಬಲಿಯಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಆದುದರಿಂದ ಪರೀಕ್ಷೆಯ ಮೊದಲನೆಯ ನಿಯಮವಿದು: ಪೆಟ್ಟಿಗೆಯನ್ನು ಯಂತ್ರಕ್ಕೆ ಜೋಡಿಸದೆ ಮಲ್ಟಿಮೀಟರಿನಿಂದ ಅಳೆಯಬೇಕು. ಏನೂ ಬಾರದಿದ್ದರೆ ತಂತಿಯನ್ನೂ ಫ್ಯೂಸನ್ನೂ ಪರಿವರ್ತಕವನ್ನೂ ಸಂದೇಹಿಸಬೇಕು. ಸರಿಯಾಗಿ ೫ ವೋಲ್ಟು ಬಂದರೂ ತೃಪ್ತರಾಗಲಾಗದು. ಹೊರೆಯಿಲ್ಲದ ಎತ್ತಿನ ಬಲವನ್ನು ತಿಳಿಯುವುದೆಂತು? ೫ ಓಮಿನ, ೧೦ ವ್ಯಾಟನ್ನು ತಾಳಬಲ್ಲ ರೋಧಕವೊಂದನ್ನು ಅಡ್ಡಲಾಗಿ ಜೋಡಿಸಿದರೆ, ಓಮನ ನಿಯಮದಂತೆ ೧ ಆಂಪಿಯರು ಹರಿಯುತ್ತದೆ. ರೋಧಕ ಬಹಳ ಬಿಸಿಯಾಗುವುದರಿಂದ ಅದನ್ನು ಮುಟ್ಟದೆ, ಅರ್ಧ ಗಂಟೆ ಮೀಟರನ್ನು ಗಮನಿಸುತ್ತಿರಬೇಕು. ವೋಲ್ಟೇಜು ಕುಸಿದರೆ ಧಾರಕವೋ ಡಯೋಡೋ ಬಲಗುಂದಿರಬಹುದು. ಬಿಸಿಯೇರಿದಂತೆ ವೋಲ್ಟೇಜೂ ಏರಿದರೆ ದೋಷ ನಿಯಂತ್ರಕದ್ದೆಂದು ತಿಳಿಯಬೇಕು. ಕುಸಿತಕ್ಕಿಂತ ಏರಿಕೆಯೇ ಹೆಚ್ಚು ಘಾತಕ: ಮೊದಲನೆಯದರಲ್ಲಿ ಯಂತ್ರ ನಡೆಯದೆ ನಿಲ್ಲಬಹುದು, ಎರಡನೆಯದರಲ್ಲಿ ಸುಟ್ಟೇಹೋಗಬಹುದು.

ಇಂದು ತೇರ್ಗಡೆಯಾದ ಪೆಟ್ಟಿಗೆ ನಾಳೆಯೂ ನಂಬುಗೆಗೆ ಅರ್ಹವೆಂದು ಹೇಳಲಾಗದು. ಹೊಸ ಪೆಟ್ಟಿಗೆಯನ್ನು ಬಳಸುವುದು, ಇಲ್ಲವೇ ವೋಲ್ಟೇಜು ಮೇರೆ ಮೀರಿದೊಡನೆ ಸಂಪರ್ಕವನ್ನು ಕಡಿಯುವ ಮಂಡಲವನ್ನು ನಡುವೆ ಇರಿಸುವುದು ಲೇಸು. ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಅಧ್ಯಾಪಕರ ಸಮ್ಮುಖದಲ್ಲಿ ಮಾತ್ರ ನಡೆಸಲಿ. ಪೆಟ್ಟಿಗೆಯನ್ನು ಎಂದಿಗೂ ಒಡೆಯದಿರಲಿ. ಯಂತ್ರಕ್ಕೆ ೫ ವೋಲ್ಟನ್ನು ಕೊಡುವ ಪೆಟ್ಟಿಗೆಯೊಳಗೆ ಪ್ರಾಣಾಂತಕವಾದ ಮನೆಯ ವಿದ್ಯುತ್ತೂ ಇದೆಯಷ್ಟೆ.