ಹಿತ್ತಲ ಬೀಜದ ಲೆಕ್ಕ

ಬೀಜ ಸಂಗ್ರಹ ಎಂದೊಡನೆ ಹಲವರ ಕಣ್ಣಿಗೆ ಕಟ್ಟುವುದು ಬಣ್ಣದ ಪೊಟ್ಟಣಗಳ ಸಾಲು. ಅಂಥ ಸಂಗ್ರಹಕ್ಕೆ ದುಡ್ಡು ಸುರಿಯುತ್ತಲೇ ಇರಬೇಕು, ಏಕೆಂದರೆ ಬೀಜಕ್ಕೂ ಆಯಸ್ಸಿದೆ. ಮನೆಯ ಕಪಾಟಿನಲ್ಲಿಟ್ಟ ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸೋಲುತ್ತದೆ. ಟೊಮೆಟೊ, ಸೌತೆ ಬೀಜಗಳು ಚೆನ್ನಾಗಿ ಒಣಗಿದ್ದರೆ ನಾಲ್ಕೈದು ವರ್ಷ ತಾಳುತ್ತವೆ. ಬಿತ್ತದೆ ಕೂಡಿಟ್ಟ ಅರವತ್ತು ಪೊಟ್ಟಣಗಳಲ್ಲಿ ಕೆಲವು ವರ್ಷಗಳ ಮೇಲೆ ಉಳಿಯುವುದು ಬಹುಪಾಲು ಜೊಳ್ಳು. ಬಿತ್ತಿ, ಬೆಳೆದು, ಮತ್ತೆ ಬೀಜ ಹಿಡಿದ ಆರೇ ತಳಿಗಳಿದ್ದರೂ ಅವು ವರ್ಷವರ್ಷವೂ ಹೊಸದಾಗುತ್ತವೆ. ಹಾಗಾಗಿ ಕೈಯಲ್ಲಿ ಕಾಸು ಕಡಿಮೆಯಿರುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಯಾವ ಗಿಡದ ಬೀಜವನ್ನು ನಮ್ಮ ಹಿತ್ತಲಲ್ಲೇ, ತಳಿ ಕೆಡದಂತೆ, ಮರಳಿ ಪಡೆಯಬಹುದು? ಉತ್ತರ ಆ ಗಿಡದ ಹೂವಿನಲ್ಲಿದೆ.

ಟೊಮೆಟೊ, ಬೀನ್ಸ್, ಬಟಾಣಿ, ಅಲಸಂದೆ, ಮೆಂತ್ಯ ಇವುಗಳ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿದ್ದು, ಹೆಚ್ಚಾಗಿ ಅದೇ ಹೂವಿನ ಪರಾಗದಿಂದ ಕಾಯಿ ಕಟ್ಟುತ್ತದೆ. ಪಕ್ಕದಲ್ಲಿ ಬೇರೆ ತಳಿ ಇದ್ದರೂ ಬೆರಕೆಯ ಭಯ ಕಡಿಮೆ. ನಾಲ್ಕಾರು ಗಿಡಗಳಿಂದಲೇ ತಳಿ ಉಳಿಯುತ್ತದೆ. ತಾರಸಿಯ ಕುಂಡವೂ ಸಾಕು. ಬೆಂಡೆ, ಬದನೆ, ಮೆಣಸಿನಕಾಯಿ ನಡುವಿನವು. ತಮ್ಮ ಪರಾಗವೇ ಸಾಕಾದರೂ ಜೇನು, ದುಂಬಿಗಳು ಬೆರೆಸುವುದೂ ಉಂಟು. ಒಂದು ಹಂಗಾಮಿಗೆ ಒಂದೇ ತಳಿ ಬೆಳೆದರೆ, ಇಲ್ಲವೇ ಮೊಗ್ಗಿಗೆ ತೆಳುಬಟ್ಟೆಯ ಚೀಲ ಕಟ್ಟಿದರೆ ಇದಕ್ಕೆ ಪರಿಹಾರವಿದೆ. ಸೋರೆ, ಹೀರೆ, ಸೌತೆ, ಕುಂಬಳಗಳಲ್ಲಿ ಗಂಡುಹೂವು, ಹೆಣ್ಣುಹೂವು ಬೇರೆಬೇರೆ. ಪರಾಗ ಹೊರಗಿನಿಂದಲೇ ಬರಬೇಕು. ಹಾಗೆಂದು ಸೌತೆ ಸೋರೆಯೊಡನೆ ಬೆರೆಯದು. ಬೆರಕೆಯಾಗುವುದು ಅದೇ ಜಾತಿಯ ಎರಡು ತಳಿಗಳ ನಡುವೆ. ನಾಳೆ ಅರಳಲಿರುವ ಎರಡೂ ಬಗೆಯ ಮೊಗ್ಗುಗಳನ್ನು ದಾರದಿಂದ ಬಿಗಿದು, ಅರಳುವ ಹೊತ್ತಿಗೆ ಬಿಚ್ಚಿ, ಗಂಡುಹೂವನ್ನು ಹೆಣ್ಣುಹೂವಿಗೆ ತಾಗಿಸಿ ಮತ್ತೆ ಕಟ್ಟಿದರೆ ಆ ಒಂದು ಕಾಯಿಯ ಬೀಜ ಶುದ್ಧ. ಕುಂಬಳ ನಸುಕಿನಲ್ಲಿ ಅರಳುತ್ತದೆ, ಸೋರೆ ಮತ್ತು ಹೀರೆ ಸಂಜೆಗೆ. ಇದನ್ನು ತಿಳಿಯಲು ಬೇಕಾದದ್ದು ಕಣ್ಣು ಮತ್ತು ಒಂದು ತುಂಡು ದಾರ.

ಮೊದಲ ಬೀಜ ಎಲ್ಲಿಂದ? ಅರ್ಧ ಸಂಗ್ರಹ ಅಡುಗೆಮನೆಯಲ್ಲೇ ಇದೆ. ಮೆಂತ್ಯ, ಸಾಸಿವೆ, ಅಲಸಂದೆ, ಅವರೆ ದಿನಸಿ ಡಬ್ಬಿಯಿಂದಲೇ ಮೊಳೆಯುತ್ತವೆ. ಕೊತ್ತಂಬರಿಯ ಒಂದು ಗುಂಡಿನಲ್ಲಿ ಎರಡು ಬೀಜಗಳಿದ್ದು, ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಬೇಕು. ಅಂಗಡಿಯ ಟೊಮೆಟೊ ಹಣ್ಣಿನ ಮಾತು ಬೇರೆ: ಅದು ಹೈಬ್ರಿಡ್ ಆಗಿರುವ ಸಂಭವ ಹೆಚ್ಚು. ಹೈಬ್ರಿಡ್ ಬೀಜ ಮೊಳೆಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಮೊಳೆಯುತ್ತದೆ, ಆದರೆ ಮುಂದಿನ ಪೀಳಿಗೆಯಲ್ಲಿ ತಂದೆತಾಯಿಯ ಗುಣಗಳು ಚದುರಿ ಗಿಡಕ್ಕೊಂದು ರೂಪ ಬರುತ್ತದೆ. ಪೊಟ್ಟಣದ ಮೇಲಿನ ಸಂಸ್ಥೆಯ ಹೆಸರು ನೋಡಿ ಬೀಜ ಹೈಬ್ರಿಡ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲಾಗದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಟೊಮೆಟೊಗಳಲ್ಲಿ ಅರ್ಕಾ ವಿಕಾಸ್ ಬೀಜ ಹಿಡಿಯಬಹುದಾದ ತಳಿ, ಅರ್ಕಾ ರಕ್ಷಕ್ ಹೈಬ್ರಿಡ್. ಪೊಟ್ಟಣದ ಮೇಲೆ ಹೈಬ್ರಿಡ್‌ನ ಗುರುತಾದ ಎಫ್-1 ಎಂದಿದ್ದರೆ ಅದು ಉಣ್ಣಲು ಮಾತ್ರ, ಕೂಡಿಡಲು ಅಲ್ಲ. ನಾಟಿ ತಳಿಗಳಿಗೆ ಊರಿನ ಹಿತ್ತಲುಗಳೇ ಮೂಲ. ಶಿರಸಿಯ ವನಸ್ತ್ರೀ ಬಳಗದಲ್ಲಿ ಮಲೆನಾಡಿನ ಹೆಣ್ಣುಮಕ್ಕಳು ಹಿತ್ತಲ ಬೀಜವನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ.

ಬೀಜಕ್ಕೆ ಬಿಡುವಾಗ ನಡೆಯುವ ದೊಡ್ಡ ತಪ್ಪೆಂದರೆ ಒಳ್ಳೆಯದನ್ನು ತಿಂದು ಉಳಿದದ್ದನ್ನು ಬೀಜಕ್ಕಿಡುವುದು. ಕೊನೆಯ ಕೊಯ್ಲಿನ ಸೊಟ್ಟ ಬೆಂಡೆಯನ್ನು ವರ್ಷವರ್ಷವೂ ಬೀಜಕ್ಕೆ ಬಿಟ್ಟರೆ, ತಡವಾಗಿ ಕಾಯಿ ಬಿಡುವ ಗಿಡಗಳನ್ನು ನಾವೇ ಆರಿಸಿದಂತೆ. ಸೊಪ್ಪಿನಲ್ಲಿ ಲೆಕ್ಕ ತಿರುಗುಮುರುಗು: ಎಲ್ಲಕ್ಕಿಂತ ಮೊದಲು ತೆನೆ ಬಿಟ್ಟ ಹರಿವೆಯಿಂದ ಬೀಜ ಹಿಡಿದರೆ ಮುಂದಿನ ಸಲ ಇಡೀ ಪಾತಿಯೇ ಬೇಗ ಹೂವಿಗೆ ಬಂದು ಸೊಪ್ಪು ಕಡಿಮೆಯಾಗುತ್ತದೆ, ತಡವಾಗಿ ತೆನೆ ಬಿಟ್ಟದ್ದನ್ನೇ ಆರಿಸಬೇಕು. ಕಹಿಯಾದ ಸೋರೆಯನ್ನು ತಿನ್ನಲೂಬಾರದು, ಬೀಜಕ್ಕೆ ಬಿಡಲೂಬಾರದು. ಆ ಕಹಿ ವಿಷವಾಗಬಲ್ಲದು.

ಕೂಡಿಡಲು ಫ್ರಿಜ್ ಇಲ್ಲದೆ ಆಗದು ಎಂಬ ಆಕ್ಷೇಪಕ್ಕೆ ಒಂದು ಲೆಕ್ಕ ಉತ್ತರ ಕೊಡುತ್ತದೆ. ಅಮೆರಿಕದ ಬೀಜವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಹೇಳಿದ ಸ್ಥೂಲ ನಿಯಮದಂತೆ, ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಅದರ ಆಯಸ್ಸು ಸುಮಾರು ಇಮ್ಮಡಿಸುತ್ತದೆ. ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಅಷ್ಟೇ. ಅಂದರೆ ತೇವಾಂಶವನ್ನು ಶೇ 12ರಿಂದ 8ಕ್ಕೆ ಇಳಿಸಿದರೆ ಆಗುವ ಲಾಭ, 28 ಡಿಗ್ರಿಯ ಕೋಣೆಯಿಂದ 8 ಡಿಗ್ರಿಯ ಫ್ರಿಜ್‌ಗೆ ಸಾಗಿಸಿದಷ್ಟೇ. ಒಣಗಿಸುವುದಕ್ಕೆ ಖರ್ಚಿಲ್ಲ. ಟೊಮೆಟೊ ತಿರುಳನ್ನು ಎರಡು ಮೂರು ದಿನ ಹುಳಿಯಲು ಬಿಟ್ಟು ತೊಳೆದು, ಬೀಜವನ್ನು ಗಾಳಿಯಾಡುವ ನೆರಳಲ್ಲಿ ಹರಡಬೇಕು. ಕಾದ ತಗಡಿನ ಮೇಲಿನ ಬಿಸಿಲಿಗೆ ಮೊಳಕೆ ಸಾಯುತ್ತದೆ. ಸೌತೆ ಬೀಜ ಬಗ್ಗದೆ ಪಟ್ಟನೆ ಮುರಿದರೆ ಒಣಗಿದೆ ಎಂದರ್ಥ. ಮಳೆಗಾಲದಲ್ಲಿ ಒಣಹವೆ ಸಿಗದಿದ್ದರೆ, ಅಕ್ಕಿಯನ್ನು ಹುರಿದು, ಮುಚ್ಚಿಟ್ಟು ತಣಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಬೀಜದ ಜೊತೆ ಬಿಗಿಮುಚ್ಚಳದ ಶೀಶೆಯಲ್ಲಿಟ್ಟರೆ ಅದು ತೇವ ಹೀರುತ್ತದೆ. ಬೀಜದ ಬುಟ್ಟಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದ, ಕಾಳಿಗೆ ಬೂದಿ ಬೆರೆಸುತ್ತಿದ್ದ ಹಿಂದಿನವರು ಕಾದದ್ದೂ ತೇವ, ಹುಳುಗಳಿಂದಲೇ.

ಪೊಟ್ಟಣ ಅಗ್ಗವಾಗಿ ಸಿಗುವಾಗ ಇಷ್ಟೆಲ್ಲ ಗೋಜೇಕೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎಲೆಕೋಸಿನ ಬೀಜಕ್ಕೆ ದೀರ್ಘ ಚಳಿ ಬೇಕು. ಮುಸುಕಿನ ಜೋಳದ ತಳಿ ಸೊರಗದಿರಲು ನೂರಾರು ಗಿಡಗಳು ಬೇಕು. ಇಂಥವನ್ನು ಕೊಳ್ಳುವುದೇ ಜಾಣತನ. ಆದರೆ ಪೊಟ್ಟಣದಲ್ಲಿ ಬರುವುದು ದೊಡ್ಡ ಮಾರುಕಟ್ಟೆಗೆ ಒಗ್ಗುವ ಕೆಲವೇ ತಳಿಗಳು. ಉಡುಪಿಯ ಮಟ್ಟುಗುಳ್ಳದಂಥ ಬದನೆ ಉಳಿದದ್ದು ಬೆಳೆದವರೇ ಬೀಜ ಹಿಡಿದದ್ದರಿಂದ. ಮನೆಬೀಜದಿಂದ ರೋಗ ಹರಡುತ್ತದೆ ಎಂಬ ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಬೀನ್ಸ್, ಅಲಸಂದೆಗಳ ಮೊಸಾಯಿಕ್ ನಂಜು ಬೀಜದೊಳಗೇ ಸಾಗುತ್ತದೆ. ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಕಂಡ ಗಿಡವನ್ನು ಬೀಜಕ್ಕೆ ಬಿಡದೆ ಕಿತ್ತುಹಾಕುವುದೇ ಅದಕ್ಕೆ ಮದ್ದು, ಮತ್ತು ಹಿತ್ತಲಿನವರು ಪ್ರತಿ ಗಿಡವನ್ನೂ ದಿನಾ ನೋಡಬಲ್ಲರು.

ಕಾನೂನೂ ಅಡ್ಡಿಯಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ರೈತರ ಹಕ್ಕನ್ನು ಒಪ್ಪಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾರುವುದಕ್ಕಷ್ಟೇ ತಡೆ. ಹೀಗೆ ಉಳಿಸಿದ ಬೀಜಗಳಲ್ಲಿ ಹತ್ತನ್ನು ಬಿತ್ತನೆಗೆ ಮುಂಚೆ ಹೆಸರುಕಾಳಿನಂತೆ ಒದ್ದೆಬಟ್ಟೆಯಲ್ಲಿ ಕಟ್ಟಿ ನೋಡಿ. ಏಳು ಮೊಳೆತರೆ ಬಿತ್ತಬಹುದು, ನಾಲ್ಕೇ ಆದರೆ ಒತ್ತಾಗಿ ಬಿತ್ತಿ ಈ ವರ್ಷವೇ ಹೊಸಬೀಜ ಹಿಡಿಯಬೇಕು. ತಳಿಯ ಹೆಸರು, ವರ್ಷ, ಯಾರ ಮನೆಯಿಂದ ಬಂತು ಎಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಅರ್ಧದಷ್ಟನ್ನು ನೆರೆಮನೆಗೆ ಕೊಡಿ. ಇದು ಬರಿಯ ಔದಾರ್ಯವಲ್ಲ, ಲೆಕ್ಕಾಚಾರವೂ ಹೌದು: ನಿಮ್ಮ ಪಾತಿಗೆ ಇಲಿ, ಮಳೆ, ರೋಗ ಬಿದ್ದ ವರ್ಷ ಆ ತಳಿ ಇನ್ನೊಂದು ಹಿತ್ತಲಲ್ಲಿ ಜೀವಂತವಾಗಿರುತ್ತದೆ, ಕೇಳಿದರೆ ಒಂದು ಹಿಡಿ ಮರಳಿ ಬರುತ್ತದೆ.