ಬೇಸ್‌ಬಾಲ್: ಆಟದ ಹಣ ಯಾರ ಪಾಲು?

2008ರಲ್ಲಿ ಐಪಿಎಲ್ ಆರಂಭವಾದಾಗ ಕ್ರಿಕೆಟ್ ಆಟಗಾರರ ಹರಾಜನ್ನು ಕಂಡು ನಮ್ಮಲ್ಲಿ ಅನೇಕರು ಹುಬ್ಬೇರಿಸಿದ್ದುಂಟು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಆಟಕ್ಕೂ ಹಣಕ್ಕೂ ಇರುವ ನಂಟು ಒಂದೂವರೆ ಶತಮಾನದಷ್ಟು ಹಳೆಯದು. ಹಣ ಬಂದು ಆಟ ಕೆಟ್ಟಿತೆಂದು ಅಲ್ಲಿ ಸುಲಭವಾಗಿ ಹೇಳುವಂತಿಲ್ಲ. ಹಣ ಮೊದಲಿನಿಂದಲೂ ಇತ್ತು. ಅದರ ಒಡೆತನ ಮಾತ್ರ ಬದಲಾಯಿತು.

ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. 1876ರಲ್ಲಿ ನ್ಯಾಷನಲ್ ಲೀಗ್ ಸ್ಥಾಪನೆಯಾಯಿತು. 1879ರಲ್ಲಿ ಮಾಲೀಕರು ತಮ್ಮೊಳಗೆ 'ಮೀಸಲು ಷರತ್ತು' ಎಂಬ ಕಟ್ಟಳೆಯನ್ನು ಮಾಡಿಕೊಂಡರು. ಮೊದಲಿಗೆ ತಂಡಕ್ಕೆ ಐವರಿಗಷ್ಟೇ ಅನ್ವಯಿಸುತ್ತಿದ್ದ ಅದು ಕ್ರಮೇಣ ಎಲ್ಲರನ್ನೂ ಆವರಿಸಿತು. ಕರಾರಿನ ಅವಧಿ ಮುಗಿದರೂ ಆಟಗಾರನು ಬೇರೆ ತಂಡ ಸೇರುವಂತಿರಲಿಲ್ಲ; ಮಾಲೀಕನು ಮಾತ್ರ ಅವನನ್ನು ಬೇಕಾದವರಿಗೆ ಮಾರಬಹುದಿತ್ತು. ಬೇಸ್‌ಬಾಲ್ ಅಂತರರಾಜ್ಯ ವಾಣಿಜ್ಯವಲ್ಲ, ಆದುದರಿಂದ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ಅನ್ವಯಿಸದು ಎಂದು 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಈ ಕಟ್ಟಳೆಯನ್ನು ಎದುರಿಸಿ ನಿಂತವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಕರ್ಟ್ ಫ್ಲಡ್. ಹನ್ನೆರಡು ಋತುಗಳ ಕಾಲ ಅಲ್ಲಿ ಆಡಿದ ಅವರನ್ನು 1969ರಲ್ಲಿ ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಕ್ಕೆ ವಿನಿಮಯ ಮಾಡಲಾಯಿತು. ವರ್ಷಕ್ಕೆ 90,000 ಡಾಲರ್ ಪಡೆಯುತ್ತಿದ್ದ ಈ ಕಪ್ಪು ಆಟಗಾರ, ತಾನು ಕೊಂಡು ಮಾರುವ ಸೊತ್ತಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. 1972ರಲ್ಲಿ ಮೊಕದ್ದಮೆ ಸೋತರು. ಆ ವೇಳೆಗೆ ಅವರ ಆಟದ ಬದುಕೂ ಮುಗಿದಿತ್ತು.

ಆದರೆ ಮಾರ್ವಿನ್ ಮಿಲ್ಲರ್ ಮುಂದಾಳತ್ವದ ಆಟಗಾರರ ಸಂಘವು ಹಿಡಿದ ಪಟ್ಟು ಬಿಡಲಿಲ್ಲ. ಕರಾರಿಗೆ ಸಹಿ ಹಾಕದೆ ಆಡಿದ ಇಬ್ಬರು ಪಿಚರ್‌ಗಳ ದೂರಿನ ಮೇಲೆ 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೀಟ್ಜ್ ನಿರ್ಣಯ ನೀಡಿದರು: ಮಾಲೀಕನ ಹಿಡಿತ ಒಂದು ವರ್ಷಕ್ಕೆ ಮಾತ್ರ, ಬಳಿಕ ಆಟಗಾರ ಸ್ವತಂತ್ರ. ಅಂದು 50,000 ಡಾಲರಿಗಿಂತ ಕಡಿಮೆಯಿದ್ದ ಸರಾಸರಿ ವಾರ್ಷಿಕ ಸಂಬಳ 1992ರಲ್ಲಿ ಹತ್ತು ಲಕ್ಷ ಡಾಲರ್ ದಾಟಿತು.

ಇಷ್ಟು ಹಣಕ್ಕೆ ಮುಖ್ಯ ಮೂಲ ಟಿವಿ ಪ್ರಸಾರದ ಹಕ್ಕು. ದೊಡ್ಡ ನಗರದ ತಂಡಕ್ಕೆ ವೀಕ್ಷಕರೂ ಹೆಚ್ಚು, ವರಮಾನವೂ ಹೆಚ್ಚು. ಈ ಅಂತರ ತಗ್ಗಿಸಲು ಸಂಬಳಕ್ಕೆ ಗರಿಷ್ಠ ಮಿತಿ ಬೇಕೆಂದು ಮಾಲೀಕರು ಹಟ ಹಿಡಿದಾಗ 1994ರಲ್ಲಿ ಆಟಗಾರರು ಮುಷ್ಕರ ಹೂಡಿದರು. 1904ರ ಬಳಿಕ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ನಡೆಯಲಿಲ್ಲ. ಕೊನೆಗೆ ಮಿತಿಯ ಬದಲು, ಮಿತಿಮೀರಿ ಖರ್ಚು ಮಾಡುವ ತಂಡಗಳ ಮೇಲೆ ತೆರಿಗೆ ಬಂತು.

2002ರಲ್ಲಿ ಓಕ್‌ಲ್ಯಾಂಡ್ ತಂಡವು ಅಂಕಿಅಂಶಗಳ ಚತುರ ಬಳಕೆಯಿಂದ 103 ಪಂದ್ಯ ಗೆದ್ದಿತು. ಸಂಬಳಕ್ಕೆ ಅದರ ಮೂರು ಪಟ್ಟು ಸುರಿದ ನ್ಯೂಯಾರ್ಕ್ ಯಾಂಕೀಸ್ ಗೆದ್ದುದೂ ಅಷ್ಟೇ. ಜಾಣ್ಮೆಯಿಂದ ಹಣವನ್ನು ಸರಿಗಟ್ಟಬಹುದೆಂದು ಆಗ ತೋರಿತು. ಆದರೆ 1968ರಿಂದ ಓಕ್‌ಲ್ಯಾಂಡಿನಲ್ಲಿದ್ದ ಆ ತಂಡವನ್ನು ಅದರ ಮಾಲೀಕರು 2024ರ ಋತುವಿನ ಬಳಿಕ ಊರಿನಿಂದಲೇ ಕೊಂಡೊಯ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೊ ನ್ಯೂಯಾರ್ಕ್ ಮೆಟ್ಸ್ ತಂಡದೊಡನೆ 15 ವರ್ಷಗಳಿಗೆ 76.5 ಕೋಟಿ ಡಾಲರ್ ಮೊತ್ತದ ಕರಾರು ಮಾಡಿಕೊಂಡರು.

ಫ್ಲಡ್ ಬಯಸಿದ ಸ್ವಾತಂತ್ರ್ಯ ಆಟಗಾರನಿಗೆ ದೊರಕಿದೆ. ಮೂರು ತಲೆಮಾರು ಒಂದೇ ತಂಡವನ್ನು ನೆಚ್ಚಿಕೊಂಡು ಟಿಕೆಟ್ ಕೊಂಡ ಓಕ್‌ಲ್ಯಾಂಡಿನ ಕುಟುಂಬಕ್ಕೆ ಮಾತ್ರ ಅಂತಹ ಯಾವ ಹಕ್ಕೂ ಇಲ್ಲ; ಅವರ ಮೊರೆ ಕೇಳುವ ಮಧ್ಯಸ್ಥಗಾರನೂ ಇಲ್ಲ.